ಅರ್ಬುದ ರೋಗದ ಬೆನ್ನು ಹತ್ತಿದ ಯೋಹಾನೆಸ್ ಫಿಬಿಗರ್

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಉಣ್ಣುವ ಅನ್ನಕ್ಕೂ ಬರುವ ರೋಗಕ್ಕೂ ನಂಟಿದೆಯೆಂದು ಅವರು ಅನುಭವದಿಂದಲೇ ಅರಿತಿದ್ದರು. ಆದರೆ ಯಾವ ಊಟದ ಕೊರತೆಯಿಂದ ಯಾವ ರೋಗ, ಹೊಟ್ಟೆಯೊಳಗೆ ಸೇರಿಕೊಂಡ ಹುಳುವಿನಿಂದ ಎಷ್ಟು ಕೇಡು, ಇವೆರಡೂ ಒಟ್ಟಾದಾಗ ಏನಾಗುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವುದು ಬಹಳ ಕಷ್ಟದ ಕೆಲಸ. ಈ ಗಂಟನ್ನು ಬಿಡಿಸಲು ಇಪ್ಪತ್ತು ವರ್ಷ ದುಡಿದು, ಅದಕ್ಕಾಗಿ ನೊಬೆಲ್ ಬಹುಮಾನವನ್ನೂ ಪಡೆದು, ಗಂಟಿನ ಒಂದು ಎಳೆ ಮಾತ್ರ ಕಣ್ಣಿಗೆ ಬೀಳದೆ ಹೋದ ಒಬ್ಬ ವೈದ್ಯವಿಜ್ಞಾನಿಯಿದ್ದರು. ಅವರೇ ಡೆನ್ಮಾರ್ಕ್ ದೇಶದ ಡಾ. ಯೋಹಾನೆಸ್ ಫಿಬಿಗರ್. ಗೆದ್ದವರ ಚರಿತ್ರೆಯನ್ನು ನಾವು ಬೇಕಾದಷ್ಟು ಓದುತ್ತೇವೆ. ಗೆದ್ದೂ ಸೋತ, ಸೋತೂ ಲೋಕಕ್ಕೆ ಉಪಕಾರ ಮಾಡಿದ ಈ ಮಹನೀಯರ ಚರಿತ್ರೆಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಯೋಹಾನೆಸ್ ಫಿಬಿಗರ್ ಹುಟ್ಟಿದ್ದು 1867ರ ಏಪ್ರಿಲ್ 23ರಂದು, ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಎಂಬ ಊರಿನಲ್ಲಿ. ತಂದೆ ವೈದ್ಯರಾಗಿದ್ದರು. ಮಗುವಿಗೆ ಬುದ್ಧಿ ಬಲಿಯುವ ಮೊದಲೇ ಅವರು ತೀರಿಕೊಂಡರು. ತಾಯಿ ಎಲ್ಫ್ರಿಡೆ ಎದೆಗುಂದುವ ಹೆಂಗಸಾಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ರಾಜಧಾನಿ ಕೋಪನ್‌ಹೇಗನ್ನಿಗೆ ಬಂದು, ಲೇಖನವೃತ್ತಿಯಿಂದ ಸಂಸಾರವನ್ನು ನಡೆಸಿದರು. ಮುಂದೆ ಅಲ್ಲಿ ಅಡುಗೆ ಕಲಿಸುವ ಒಂದು ಶಾಲೆಯನ್ನೂ ತೆರೆದರು. ತಾಯಿ ಅಡುಗೆ ಶಾಲೆ ನಡೆಸಿದವರು. ಮಗ ಜಠರದ ರೋಗವನ್ನು ಹುಡುಕಿ ಹೊರಟವರು. ಆ ಹುಡುಕಾಟದಲ್ಲಿ ಕೈತಪ್ಪಿದ ಸುಳಿವು ಆಹಾರದ ಬಟ್ಟಲಿನಲ್ಲಿಯೇ ಇತ್ತೆಂಬುದು ವಿಧಿಯ ವಿಚಿತ್ರ.

ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ 1890ರಲ್ಲಿ ಫಿಬಿಗರರು ವೈದ್ಯಪದವಿ ಪಡೆದರು. ರೋಗಗಳಿಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ವಿಷಯ ಆಗ ಯೂರೋಪಿನಲ್ಲಿ ಹೊಸದಾಗಿ ಬೆಳಕಿಗೆ ಬಂದಿತ್ತು. ಕ್ಷಯರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ರಾಬರ್ಟ್ ಕಾಕ್ ಮತ್ತು ಗಂಟಲಮಾರಿಗೆ ಔಷಧ ತೋರಿಸಿದ ಎಮಿಲ್ ಫಾನ್ ಬೇರಿಂಗ್, ಈ ಇಬ್ಬರ ಬಳಿಯೂ ಜರ್ಮನಿಯಲ್ಲಿ ಕೆಲಸ ಕಲಿಯುವ ಭಾಗ್ಯ ಅವರದಾಯಿತು. 1895ರಲ್ಲಿ ಗಂಟಲಮಾರಿಯ ಸೂಕ್ಷ್ಮಜೀವಿಗಳನ್ನು ಕುರಿತು ಪ್ರೌಢಪ್ರಬಂಧ ಬರೆದು ಡಾಕ್ಟರೇಟ್ ಪಡೆದರು.

ಗಂಟಲಮಾರಿ, ಅಂದರೆ ಡಿಫ್ತೀರಿಯ, ಆ ಕಾಲದಲ್ಲಿ ಮಕ್ಕಳ ಪಾಲಿನ ಯಮನಾಗಿತ್ತು. ಗಂಟಲಿನಲ್ಲಿ ಪೊರೆ ಕಟ್ಟಿ, ಉಸಿರು ಸಿಕ್ಕಿಕೊಂಡು ಎಳೆಯ ಜೀವಗಳು ಹೋಗುತ್ತಿದ್ದವು. ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ಮನ್ನು ಚುಚ್ಚಿದರೆ ರೋಗಿ ಬದುಕುತ್ತಾನೆಂದು ಕೆಲವರು ಹೇಳಿದರು. ಅದು ಬರಿಯ ಭ್ರಮೆ, ರೋಗ ತಾನಾಗಿಯೇ ಇಳಿಮುಖವಾಗಿದೆ ಎಂದು ಇನ್ನು ಕೆಲವರು ವಾದಿಸಿದರು. ಯಾರ ಮಾತು ನಿಜ? ಕೋಪನ್‌ಹೇಗನ್ನಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿದ್ದ ತರುಣ ಫಿಬಿಗರರು ಇದನ್ನು ನಿರ್ಧರಿಸಲು ಬಹು ಸರಳವಾದ ಒಂದು ಉಪಾಯ ಹೂಡಿದರು. ಒಂದು ದಿನ ಬಂದ ರೋಗಿಗಳಿಗೆಲ್ಲ ಸೀರಮ್ ಕೊಡುವುದು, ಮರುದಿನ ಬಂದವರಿಗೆ ಸೀರಮ್ ಇಲ್ಲದೆ ಉಳಿದ ಎಲ್ಲ ಶುಶ್ರೂಷೆಯನ್ನೂ ಮಾಡುವುದು. ಹೀಗೆ ಒಂದು ವರ್ಷ, 1896ರಿಂದ 1897ರವರೆಗೆ. ಋತುಮಾನ ಬದಲಾದರೂ, ರೋಗದ ಉಗ್ರತೆ ಏರಿಳಿದರೂ ಎರಡು ಗುಂಪಿಗೂ ಒಂದೇ ಸಮನಾಗಿ ತಟ್ಟಬೇಕೆಂಬುದು ಅವರ ಎಣಿಕೆ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಸೀರಮ್ ಪಡೆದ 239 ಮಂದಿಯಲ್ಲಿ ಸತ್ತವರು 8 ಮಂದಿ. ಪಡೆಯದ 245 ಮಂದಿಯಲ್ಲಿ ಸತ್ತವರು 30 ಮಂದಿ. ವಾದವಿವಾದಕ್ಕೆ ಇನ್ನು ಎಡೆಯೇ ಇರಲಿಲ್ಲ. ಇದು 1898ರಲ್ಲಿ ಪ್ರಕಟವಾಯಿತು. ಹೊಸ ಔಷಧವನ್ನು ನ್ಯಾಯವಾಗಿ ಪರೀಕ್ಷಿಸುವ ಇಂದಿನ ಪದ್ಧತಿಗೆ ಬುನಾದಿ ಹಾಕಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದೆಂದು ವೈದ್ಯಲೋಕ ಇಂದಿಗೂ ಗೌರವಿಸುತ್ತದೆ. ಓದುಗರು ಈ ಹೋಲಿಕೆಯ ಉಪಾಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ಬೀಗದ ಕೈ ಇದರಲ್ಲಿಯೇ ಇದೆ.

1900ರಲ್ಲಿ, ಇನ್ನೂ ಮೂವತ್ತಮೂರರ ವಯಸ್ಸಿನಲ್ಲಿ, ಫಿಬಿಗರರು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಗುರುಗಳಲ್ಲಿ ಭಕ್ತಿಯಿದ್ದರೂ ಸತ್ಯದ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಒಳಗಾದವರಲ್ಲ. ಹಸುವಿನ ಕ್ಷಯದಿಂದ ಮನುಷ್ಯರಿಗೆ ಹೆಚ್ಚಿನ ಅಪಾಯವಿಲ್ಲವೆಂದು 1901ರಲ್ಲಿ ರಾಬರ್ಟ್ ಕಾಕ್ ಸಾರಿದಾಗ, ಶಿಷ್ಯರಾದ ಫಿಬಿಗರರು ಪಶುವೈದ್ಯ ವಿಜ್ಞಾನಿ ಯೆನ್ಸೆನ್ ಅವರ ಜೊತೆಗೂಡಿ ಆ ಮಾತನ್ನು ಪರೀಕ್ಷೆಗೆ ಒಡ್ಡಿದರು. ಮಕ್ಕಳ ಕರುಳಿನ ಕ್ಷಯದಲ್ಲಿ ಹಸುವಿನ ಕ್ಷಯದ ಸೂಕ್ಷ್ಮಜೀವಿಗಳು ಇರುವುದುಂಟು, ಅವು ಹಾಲಿನ ಮೂಲಕ ಒಳಸೇರುತ್ತವೆ ಎಂದು ತೋರಿಸಿಕೊಟ್ಟರು. ಹಾಲನ್ನು ಕಾಯಿಸಿ ಕುಡಿಯಬೇಕೆನ್ನುವ ಬುದ್ಧಿವಾದಕ್ಕೆ ಇಂತಹ ಸಂಶೋಧನೆಗಳೇ ಆಧಾರ.

ಕ್ಷಯದ ಈ ಅಧ್ಯಯನವೇ ಅವರನ್ನು ಅರ್ಬುದದ ಕಡೆಗೆ ತಿರುಗಿಸಿತು. 1907ರಲ್ಲಿ, ಕ್ಷಯದ ಪ್ರಯೋಗಕ್ಕೆ ಒಳಪಟ್ಟ ಮೂರು ಇಲಿಗಳನ್ನು ಕೊಯ್ದು ನೋಡುವಾಗ ಅವುಗಳ ಜಠರದಲ್ಲಿ ವಿಚಿತ್ರವಾದ ಗಡ್ಡೆಗಳು ಕಂಡವು. ಗಡ್ಡೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟಾಗ ಅದರೊಳಗೆ ಸಣ್ಣ ಹುಳುಗಳೂ ಮೊಟ್ಟೆಗಳೂ ಇದ್ದವು. ಅರ್ಬುದ ಏಕೆ ಬರುತ್ತದೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ಪ್ರಯೋಗಶಾಲೆಯಲ್ಲಿ ಅದನ್ನು ಬೇಕೆಂದಾಗ ಉಂಟುಮಾಡುವುದಕ್ಕೂ ಯಾರಿಂದಲೂ ಆಗಿರಲಿಲ್ಲ. ಉಂಟುಮಾಡಲು ಬಂದರೆ ತಾನೇ ತಡೆಯುವ ದಾರಿ ಹುಡುಕುವುದು? ಹುಳುವಿನಿಂದಲೇ ಅರ್ಬುದ ಹುಟ್ಟುತ್ತದೆಯೋ ಏನೋ ಎಂಬ ಆಸೆಯ ಕಿಡಿ ಫಿಬಿಗರರ ಮನಸ್ಸಿನಲ್ಲಿ ಹೊತ್ತಿಕೊಂಡಿತು.

ಆದರೆ ಅಂತಹ ಇಲಿಗಳು ಮತ್ತೆ ಸಿಗಬೇಕಲ್ಲ! ಊರಿನ ಇಲಿಗಳನ್ನು ಹಿಡಿಸಿ ಹಿಡಿಸಿ ಸಾವಿರಕ್ಕೂ ಮಿಕ್ಕಿ ಕೊಯ್ದು ನೋಡಿದರು. ಒಂದರಲ್ಲಿಯೂ ಆ ಗಡ್ಡೆಯಿಲ್ಲ. ಬೇರೆಯವರಾಗಿದ್ದರೆ ಅಷ್ಟಕ್ಕೇ ಕೈಬಿಡುತ್ತಿದ್ದರು. ಫಿಬಿಗರರು ಹಳೆಯ ಗ್ರಂಥಗಳನ್ನು ತಿರುವಿದರು. ಇಲಿಯಲ್ಲಿ ಬೆಳೆಯುವ ಅಂತಹದೇ ಒಂದು ಹುಳುವಿನ ಮರಿ ಜಿರಲೆಯ ಮೈಯಲ್ಲಿ ಇರುತ್ತದೆಂದು 1878ರಲ್ಲಿ ಒಬ್ಬರು ಬರೆದಿಟ್ಟಿದ್ದು ಕಣ್ಣಿಗೆ ಬಿತ್ತು. ಹಾಗಾದರೆ ಇಲಿ ಮತ್ತು ಜಿರಲೆ ಎರಡೂ ಹೇರಳವಾಗಿರುವ ಜಾಗ ಯಾವುದು? ಹುಡುಕುತ್ತ ಹೋದಾಗ ಕೋಪನ್‌ಹೇಗನ್ನಿನ ಒಂದು ಸಕ್ಕರೆ ಕಾರ್ಖಾನೆ ಸಿಕ್ಕಿತು. ಅಲ್ಲಿನ ಬೆಚ್ಚನೆಯ ಮೂಲೆಗಳಲ್ಲಿ ಬೆಚ್ಚನೆಯ ದೇಶಗಳಿಗೆ ಸೇರಿದ ದೊಡ್ಡ ಜಾತಿಯ ಜಿರಲೆಗಳು ತುಂಬಿಕೊಂಡಿದ್ದವು. ಇಲಿಗಳು ಅವನ್ನೇ ಮೇಯುತ್ತಿದ್ದವು. ಅಲ್ಲಿ ಹಿಡಿದ ಇಲಿಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಜಠರದಲ್ಲಿ ಆ ಹುಳು ಇತ್ತು. ಕೆಲವುಗಳಲ್ಲಿ ಗಡ್ಡೆಯೂ ಇತ್ತು.

ಹುಳುವಿನ ಜೀವನಚಕ್ರ ಈಗ ಸ್ಪಷ್ಟವಾಯಿತು. ಹುಳುವಿನ ಮೊಟ್ಟೆ ಇಲಿಯ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಜಿರಲೆ ಅದನ್ನು ತಿನ್ನುತ್ತದೆ. ಜಿರಲೆಯ ಸ್ನಾಯುಗಳಲ್ಲಿ ಮರಿಹುಳು ಸುರುಳಿ ಸುತ್ತಿ ಮಲಗುತ್ತದೆ. ಆ ಜಿರಲೆಯನ್ನು ಇಲಿ ತಿಂದಾಗ ಹುಳು ಇಲಿಯ ಜಠರಕ್ಕೆ ಇಳಿದು ಅಲ್ಲಿಯೇ ದೊಡ್ಡದಾಗುತ್ತದೆ. ಫಿಬಿಗರರು ಪ್ರಯೋಗಶಾಲೆಯ ಇಲಿಗಳಿಗೆ ಅಂತಹ ಜಿರಲೆಗಳನ್ನು ತಿನ್ನಿಸಿದರು. ಕೆಲವು ಇಲಿಗಳಲ್ಲಿ ಜಠರದ ಒಳಪೊರೆ ಉರಿಯೂತದಿಂದ ದಪ್ಪಗಾಗಿ, ಮುಂದೆ ಗಡ್ಡೆಯಾಗಿ ಬೆಳೆಯಿತು. 1913ರಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದರು. ಆ ಹುಳುವಿಗೆ ಸ್ಪೈರಾಪ್ಟೆರಾ ನಿಯೋಪ್ಲಾಸ್ಟಿಕಾ ಎಂಬ ಹೆಸರಾಯಿತು. ಹೊಸ ಬೆಳವಣಿಗೆಯನ್ನು ಉಂಟುಮಾಡುವ ಹುಳು ಎಂದು ಆ ಹೆಸರಿನ ಭಾವ. ಪ್ರಯೋಗದಿಂದ ಅರ್ಬುದವನ್ನು ಉಂಟುಮಾಡಿದ ಮೊದಲಿಗರೆಂದು ಫಿಬಿಗರರ ಕೀರ್ತಿ ದೇಶದೇಶಗಳಿಗೆ ಹಬ್ಬಿತು.

ಇದೇ ವೇಳೆಗೆ ದೂರದ ಜಪಾನಿನಲ್ಲಿ ಇನ್ನೊಬ್ಬ ತಪಸ್ವಿ ಇದೇ ಗುರಿಯತ್ತ ಸಾಗಿದ್ದರು. ಯಾಮಗಿವಾ ಕತ್ಸುಸಬುರೋ ಮತ್ತು ಅವರ ಸಹಾಯಕ ಇಚಿಕಾವಾ ಕೊಯಿಚಿ, ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಬಳಿದು ಬಳಿದು 1915ರಲ್ಲಿ ಚರ್ಮದ ಅರ್ಬುದವನ್ನು ಉಂಟುಮಾಡಿದರು. ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದಾಗಿತ್ತು. ಫಿಬಿಗರರೂ ಡಾಂಬರಿನ ಪ್ರಯೋಗವನ್ನು ಇಲಿಮರಿಯಂತಿರುವ ಚಿಟ್ಟಿಲಿಗಳ ಮೇಲೆ ಮಾಡಿ ನೋಡಿದರು.

1926ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಹುಮಾನಕ್ಕೆ ಫಿಬಿಗರ್ ಮತ್ತು ಯಾಮಗಿವಾ ಇಬ್ಬರ ಹೆಸರೂ ಒಟ್ಟಿಗೆ ಪರಿಶೀಲನೆಗೆ ಬಂದವು. ಪರೀಕ್ಷಕರಲ್ಲಿ ಒಮ್ಮತ ಮೂಡಲಿಲ್ಲ. ಆ ವರ್ಷ ಬಹುಮಾನವನ್ನು ಯಾರಿಗೂ ಕೊಡದೆ ತಡೆಹಿಡಿದರು. ಮರುವರ್ಷ, 1926ರ ಆ ಬಹುಮಾನವನ್ನು ಫಿಬಿಗರರೊಬ್ಬರಿಗೇ ಕೊಟ್ಟರು. ಯಾಮಗಿವಾ ಬರಿಗೈಯಲ್ಲಿ ಉಳಿದರು, 1930ರಲ್ಲಿ ತೀರಿಕೊಂಡರು. ಈ ಅನ್ಯಾಯಕ್ಕೆ ಫಿಬಿಗರರು ಕಾರಣರಲ್ಲ. ಆದರೂ ಅವರ ಚರಿತ್ರೆ ಹೇಳುವಾಗ ಈ ಜಪಾನೀ ಮಹನೀಯರ ಹೆಸರು ಬಿಡಬಾರದು.

1927ರ ಡಿಸೆಂಬರ್ ತಿಂಗಳಿನಲ್ಲಿ ಸ್ಟಾಕ್‌ಹೋಮಿಗೆ ಹೋಗಿ ಫಿಬಿಗರರು ಬಹುಮಾನ ಸ್ವೀಕರಿಸಿ ಉಪನ್ಯಾಸ ಮಾಡಿ ಬಂದರು. ಎರಡು ತಿಂಗಳು ತುಂಬುವುದರೊಳಗೆ, 1928ರ ಜನವರಿ 30ರಂದು, ಅರವತ್ತರ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಹೃದಯ ನಿಂತಿತ್ತು, ಆದರೆ ಮೈಯನ್ನು ಒಳಗೊಳಗೇ ತಿಂದದ್ದು ದೊಡ್ಡ ಕರುಳಿನ ಅರ್ಬುದ. ಯಾವ ವೈರಿಯನ್ನು ಇಪ್ಪತ್ತು ವರ್ಷ ಬೆನ್ನಟ್ಟಿದ್ದರೋ ಆ ವೈರಿಯೇ ಅವರ ಹೊಟ್ಟೆಯಲ್ಲಿ ಮನೆಮಾಡಿತ್ತು. ಅವರ ಸಂಶೋಧನೆಗೂ ಈ ರೋಗಕ್ಕೂ ಸಂಬಂಧ ಕಲ್ಪಿಸಬೇಕಾದ್ದಿಲ್ಲ. ರೋಗಕ್ಕೆ ಪಂಡಿತ ಪಾಮರರೆಂಬ ಭೇದವಿಲ್ಲ, ಅಷ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಫಿಬಿಗರರು ನೊಬೆಲ್ ಪುರಸ್ಕೃತರ ಪಟ್ಟಿಯ ಒಂದು ಹೆಸರಾಗಿ ಉಳಿಯುತ್ತಿದ್ದರು. ಆದರೆ ವಿಜ್ಞಾನದಲ್ಲಿ ಬಹುಮಾನ ಬಂದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ. ಬೇರೆ ದೇಶಗಳಲ್ಲಿ ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದವರಿಗೆ ಫಲ ಸರಿಯಾಗಿ ಸಿಗಲಿಲ್ಲ. ಆಗ ಅವರು ಹುಳುವನ್ನು ಬಿಟ್ಟು ಇಲಿಯ ಊಟದ ಕಡೆಗೆ ತಿರುಗಿದರು. ಫಿಬಿಗರರ ಇಲಿಗಳ ಮುಖ್ಯ ಆಹಾರ ಬಿಳಿಯ ಬ್ರೆಡ್ಡು ಮತ್ತು ನೀರು! ಅದರಲ್ಲಿ ಜೀವಸತ್ವ 'ಎ' ಇಲ್ಲವೆಂದೇ ಹೇಳಬೇಕು. ಜೀವಸತ್ವ 'ಎ' ಇಲ್ಲದಿದ್ದರೆ ಬಾಯಿ, ಜಠರ, ಶ್ವಾಸಕೋಶ ಮುಂತಾದವುಗಳ ಒಳಪೊರೆ ಒಣಗಿ ಗಟ್ಟಿಯಾಗಿ, ಹಪ್ಪಳೆಗಟ್ಟಿ ಕೆಡುತ್ತದೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ಯಾಸಿ ಮತ್ತು ಅವರ ಸಂಗಡಿಗರು, 1952ರಲ್ಲಿ ಅಮೆರಿಕದಲ್ಲಿ ಹಿಚ್‌ಕಾಕ್ ಮತ್ತು ಬೆಲ್ ಪ್ರಯೋಗ ಮಾಡಿ ನಿಜವನ್ನು ಹೊರಗೆಡವಿದರು. ಒಳ್ಳೆಯ ಆಹಾರ ತಿಂದ ಇಲಿಗಳಲ್ಲಿ ಆ ಹುಳು ದೊಡ್ಡ ಹಾನಿ ಮಾಡಲಿಲ್ಲ. ಜೀವಸತ್ವ 'ಎ' ಕೊರತೆಯ ಇಲಿಗಳಲ್ಲಿ ಹುಳು ಸೇರಿದಾಗ ಗಡ್ಡೆಯಂತಹ ಬೆಳವಣಿಗೆ ಕಾಣಿಸಿತು. ಆದರೆ ಅದೂ ನಿಜವಾದ ಅರ್ಬುದವಾಗಿರಲಿಲ್ಲ. ಉರಿಯೂತದಿಂದ ಒಳಪೊರೆ ಉಬ್ಬಿ ಬೆಳೆದದ್ದು ಮಾತ್ರ. ಅರ್ಬುದ ಶ್ವಾಸಕೋಶಕ್ಕೆ ಹರಡಿತೆಂದು ಫಿಬಿಗರರು ತಿಳಿದಿದ್ದು ಕೂಡ ಜೀವಸತ್ವದ ಕೊರತೆಯಿಂದಾದ ಬದಲಾವಣೆಯೇ ಆಗಿತ್ತು.

ಫಿಬಿಗರರನ್ನು ಇಲ್ಲಿ ಹಗುರವಾಗಿ ಕಾಣುವುದು ನ್ಯಾಯವಲ್ಲ. ಅವರು ಪ್ರಯೋಗ ಆರಂಭಿಸಿದ 1907ರಲ್ಲಿ ಜೀವಸತ್ವವೆಂಬ ಮಾತೇ ಹುಟ್ಟಿರಲಿಲ್ಲ. ಜೀವಸತ್ವ 'ಎ' ಬೆಳಕಿಗೆ ಬಂದದ್ದು 1913ರಲ್ಲಿ, ಅಂದರೆ ಅವರು ತಮ್ಮ ಶೋಧವನ್ನು ಪ್ರಕಟಿಸಿದ ವರ್ಷವೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹುಳುವಿರುವ ಇಲಿಗಳಲ್ಲಿ ಕೆಲವಕ್ಕೆ ಬ್ರೆಡ್ಡು, ಕೆಲವಕ್ಕೆ ಬೇರೆ ಪುಷ್ಟಿಯಾದ ಆಹಾರ, ಹುಳುವಿಲ್ಲದ ಇಲಿಗಳಿಗೂ ಹಾಗೆಯೇ ಎರಡು ಬಗೆಯ ಆಹಾರ ಕೊಟ್ಟು ನಾಲ್ಕು ಗುಂಪು ಮಾಡಿದ್ದರೆ, ಜೀವಸತ್ವದ ಹೆಸರು ಗೊತ್ತಿಲ್ಲದೆಯೂ ಊಟದ ಪಾತ್ರ ಗೋಚರಿಸುತ್ತಿತ್ತು. ಗಂಟಲಮಾರಿಯ ರೋಗಿಗಳನ್ನು ದಿನ ಬಿಟ್ಟು ದಿನ ವಿಂಗಡಿಸಿ ಲೋಕಕ್ಕೆ ಮಾದರಿಯಾದ ಅದೇ ಕೈ, ಇಲಿಗಳ ವಿಷಯದಲ್ಲಿ ಹೋಲಿಕೆಯನ್ನು ಅಷ್ಟು ಬಿಗಿಯಾಗಿ ಹಿಡಿಯಲಿಲ್ಲ. ಹುಳು ಕಣ್ಣಿಗೆ ಕಾಣುತ್ತಿತ್ತು. ಊಟದಲ್ಲಿ ಇಲ್ಲದಿರುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಇರುವುದನ್ನು ನೋಡುವುದಕ್ಕಿಂತ ಇಲ್ಲದಿರುವುದನ್ನು ಗಮನಿಸುವುದು ಎಂದೂ ಕಷ್ಟವೇ.

ಹಾಗಾದರೆ ಅವರ ದುಡಿಮೆಯೆಲ್ಲ ನೀರಿನಲ್ಲಿ ಹೋಮವಾಯಿತೆ? ಖಂಡಿತ ಇಲ್ಲ. ಬಹುದಿನ ಆರದ ಹುಣ್ಣು ಮತ್ತು ಉರಿಯೂತಗಳಿಂದ ಅರ್ಬುದ ಹುಟ್ಟಬಹುದು, ಆ ಉರಿಯೂತಕ್ಕೆ ಕೆಲವೊಮ್ಮೆ ಪರಾವಲಂಬಿ ಜೀವಿ ಕಾರಣವಾಗಬಹುದು ಎಂಬ ಅವರ ಮೂಲ ವಿಚಾರ ನಿಜವಾಗಿ ನಿಂತಿದೆ. ಗಾಯವಾದಲ್ಲಿ ಹೊಸ ಜೀವಕೋಶಗಳು ಹುಟ್ಟಿ ಅದನ್ನು ಮುಚ್ಚುತ್ತವೆ. ಗಾಯ ಮಾಯಲು ಬಿಡದೆ ವರ್ಷಗಟ್ಟಲೆ ಕೆದಕುತ್ತಲೇ ಇದ್ದರೆ ಜೀವಕೋಶಗಳು ಒಡೆದು ಒಡೆದು ಹೊಸದಾಗುತ್ತಲೇ ಇರಬೇಕು. ಪದೇ ಪದೇ ನಕಲು ಮಾಡುವವನ ಬರಹದಲ್ಲಿ ತಪ್ಪು ನುಸುಳುವ ಹಾಗೆ ಜೀವಕೋಶಗಳಲ್ಲೂ ತಪ್ಪು ನುಸುಳುತ್ತದೆ. ಹತೋಟಿ ತಪ್ಪಿ ಬೆಳೆಯುವ ಜೀವಕೋಶಗಳೇ ಅರ್ಬುದ. ಈಜಿಪ್ಟ್ ಮತ್ತು ಆಫ್ರಿಕದ ಇತರ ದೇಶಗಳಲ್ಲಿ ಕೆರೆಕಾಲುವೆಯ ನೀರಿನಿಂದ ಚರ್ಮದ ಮೂಲಕ ಒಳಸೇರುವ ಸಿಸ್ಟೊಸೋಮ ಎಂಬ ಹುಳು ಮೂತ್ರಕೋಶದ ಅರ್ಬುದಕ್ಕೆ ಕಾರಣವೆಂದೂ, ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿಮೀನು ತಿನ್ನುವವರ ಪಿತ್ತನಾಳದಲ್ಲಿ ನೆಲೆಸುವ ಚಪ್ಪಟೆ ಹುಳು ಅಲ್ಲಿಯ ಅರ್ಬುದಕ್ಕೆ ಕಾರಣವೆಂದೂ 1994ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ ನಿರ್ಣಯಿಸಿತು. ಮನುಷ್ಯರ ಜಠರದ ಅರ್ಬುದಕ್ಕೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಒಂದು ಮುಖ್ಯ ಕಾರಣವೆಂಬ ನಿರ್ಣಯವೂ ಅದೇ ವರ್ಷದ್ದು. ಆ ಬ್ಯಾಕ್ಟೀರಿಯವನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್ ಎಂಬ ಆಸ್ಟ್ರೇಲಿಯದ ವೈದ್ಯರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂದಿತು.

ನಮ್ಮ ಮಕ್ಕಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ದುಂಡುಹುಳು, ಕೊಕ್ಕೆಹುಳುಗಳು ಅರ್ಬುದವನ್ನು ಉಂಟುಮಾಡುತ್ತವೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಕೊಕ್ಕೆಹುಳು ರಕ್ತ ಹೀರಿ ಮಕ್ಕಳನ್ನು ಬಿಳಿಚಿಕೊಳ್ಳುವಂತೆ ಮಾಡುತ್ತದೆ. ದುಂಡುಹುಳು ಇದ್ದ ಹೊಟ್ಟೆಗೆ ತಿಂದ ಜೀವಸತ್ವ 'ಎ' ಪೂರ್ತಿ ಹತ್ತುವುದಿಲ್ಲ. ಹುಳು ಊಟದ ಸತ್ವವನ್ನು ಕದಿಯುತ್ತದೆ. ಸತ್ವವಿಲ್ಲದ ಮೈ ಹುಳುವಿನ ಹಾವಳಿಯನ್ನು ತಾಳಲಾರದು. ಫಿಬಿಗರರ ಇಲಿಗಳು ಅವರಿಗೇ ತಿಳಿಯದಂತೆ ಕಲಿಸಿದ ಪಾಠ ಇದೇ. ನಮ್ಮ ದೇಶದಲ್ಲಿ 2015ರಿಂದ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಹಂಚಲಾಗುತ್ತಿದೆ. ಅದರ ಜೊತೆಗೆ ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಕುಂಬಳಕಾಯಿಗಳು ತಟ್ಟೆಯಲ್ಲಿದ್ದರೆ ಜೀವಸತ್ವ 'ಎ'ಗೆ ಕೊರತೆಯಿಲ್ಲ. ಉಣ್ಣುವ ಮೊದಲು ಸೋಪಿನಿಂದ ಕೈ ತೊಳೆಯುವುದು, ಶೌಚಾಲಯವನ್ನು ಬಳಸುವುದು, ಬರಿಗಾಲಿನಲ್ಲಿ ಕೆಸರು ತುಳಿಯದಿರುವುದು, ಇವು ಹುಳುವಿಗೆ ದಾರಿ ಮುಚ್ಚುತ್ತವೆ. ಇನ್ನು ಫಿಬಿಗರರನ್ನು ಬಲಿ ತೆಗೆದುಕೊಂಡ ದೊಡ್ಡ ಕರುಳಿನ ಅರ್ಬುದದ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಊಟದ ಮಾತನ್ನೇ. ಸೊಪ್ಪು, ಕಾಳು, ತೌಡು ತೆಗೆಯದ ಧಾನ್ಯಗಳಲ್ಲಿರುವ ನಾರು ಅದರ ಅಪಾಯವನ್ನು ತಗ್ಗಿಸುತ್ತದೆ. ಮದ್ಯಪಾನ ಮತ್ತು ಕೆಡದಂತೆ ಸಂಸ್ಕರಿಸಿಟ್ಟ ಮಾಂಸ ಅಪಾಯವನ್ನು ಹೆಚ್ಚಿಸುತ್ತವೆ.

ಫಿಬಿಗರರಿಗೆ ಬಹುಮಾನ ತಂದುಕೊಟ್ಟ ಕೆಲಸವನ್ನು ಕಾಲ ತಿದ್ದಿತು. ಬಹುಮಾನ ತರದ, ಮೂವತ್ತು ವರ್ಷದ ತರುಣನಾಗಿದ್ದಾಗ ಮಾಡಿದ ಗಂಟಲಮಾರಿಯ ಕೆಲಸವನ್ನು ಕಾಲ ಎತ್ತಿ ಹಿಡಿಯಿತು. ವಿದ್ಯಾರ್ಥಿ ಮಿತ್ರರೇ, ಇದು ಆದದ್ದರಿಂದ ಹೀಗಾಯಿತು ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಯಾವುದರೊಂದಿಗೆ ಹೋಲಿಸಿ ನೋಡಿದಿರಿ ಎಂದು ವಿನಯದಿಂದ ಕೇಳುವುದನ್ನು ಕಲಿಯಿರಿ. 1896ರ ಕೋಪನ್‌ಹೇಗನ್ ಆಸ್ಪತ್ರೆಯಲ್ಲಿ ಸ್ವತಃ ಫಿಬಿಗರರು ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.